ಹಸಿರು ದೀಪ ಮೊದಲು ಹತ್ತಿದ ಚಳಿಗಾಲ

ಹೋದ ತಿಂಗಳು ಒಂದು ಹಳೆಯ ರೇಷ್ಮೆ ಸೀರೆಯನ್ನು ಪೆಟ್ರೋಲ್ ವಾಶ್‌ಗೆ ಕೊಡಲು ಶಿವಾಜಿನಗರಕ್ಕೆ ಹೋಗಿದ್ದೆ. ಇಂದಿರಾನಗರದ ನನ್ನ ಮನೆಯ ಸುತ್ತ ಗಾಜಿನ ಬಾಗಿಲಿನ ಡ್ರೈಕ್ಲೀನಿಂಗ್ ಅಂಗಡಿಗಳು ಬೇಕಾದಷ್ಟಿವೆ. ಆದರೆ ಆ ಎ.ಸಿ. ಕೌಂಟರುಗಳ ಹಿಂದೆ ಸೀರೆಗೆ ಏನು ಮಾಡುತ್ತಾರೋ ಎಂಬ ಅನುಮಾನ ನನಗೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯ ಆ ಚಿಕ್ಕ ಅಂಗಡಿಯವನು ಕಣ್ಣೆದುರೇ ಸೀರೆ ಬಿಡಿಸಿ, ಕಲೆ ಎಲ್ಲಿದೆ ಎಂದು ನನ್ನ ಕೈಯಲ್ಲೇ ತೋರಿಸಿಕೊಳ್ಳುತ್ತಾನೆ. ಅವನು ಒಳಕೋಣೆಯ ಪರದೆ ಸರಿಸಿದಾಗ ಒಂದು ವಾಸನೆ ಬಂತು. ಪೆಟ್ರೋಲಿನದೇ ವಾಸನೆ, ಆದರೆ ಅಷ್ಟು ಒರಟಲ್ಲ. ಸ್ವಲ್ಪ ಸಿಹಿ, ಸ್ವಲ್ಪ ತಣ್ಣಗೆ, ಮೂಗಿನ ಮೇಲ್ಭಾಗದಲ್ಲಿ ನಿಂತುಬಿಡುವಂಥದ್ದು. ನಾನು ಕೌಂಟರ್ ಹಿಡಿದುಕೊಂಡು ಎರಡು ಸಲ ಉಸಿರೆಳೆದುಕೊಂಡೆ.

"ಯಾಕ್ ಮೇಡಂ, ತಲೆ ಸುತ್ತುತ್ತಾ? ಹೊರಗಡೆ ನಿಂತ್ಕೊಳ್ಳಿ" ಎಂದ ಅಂಗಡಿಯವನು.

"ಇಲ್ಲಪ್ಪ, ಚೆನ್ನಾಗಿದೆ" ಎಂದೆ. ಅವನು ನನ್ನನ್ನು ಒಂದು ಥರ ನೋಡಿದ.

ಒಂದು ಇಡೀ ವರ್ಷ ನನ್ನ ಕೂದಲು, ದುಪಟ್ಟಾ, ಊಟದ ಡಬ್ಬಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ತೊಂಬತ್ತರ ದಶಕದ ಕೊನೆಯ ಮಾತು. ಗುಲ್ಬರ್ಗಾದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ ಬಂದಿದ್ದೆ. ಕೆ.ಆರ್. ಪುರದ ರೈಲ್ವೆ ಗೇಟಿನ ಹತ್ತಿರ ಸಾಲು ಕೋಣೆಗಳ ವಠಾರದಲ್ಲಿ ನನ್ನ ಬಾಡಿಗೆ ಕೋಣೆ. ಅಕ್ಕಪಕ್ಕದಲ್ಲೆಲ್ಲ ನಮ್ಮ ಕಡೆಯವರೇ, ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು. ಬೆಳಿಗ್ಗೆ ರೊಟ್ಟಿ ತಟ್ಟುವ ಸದ್ದಿಗೆ ಎಚ್ಚರವಾದರೆ ಊರಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ನಾನು 'ಗ್ಯಾಸಿನ ಲ್ಯಾಬ್'ನಲ್ಲಿ ಇದ್ದೇನೆ ಎಂದು ತಿಳಿದ ಮನೆ ಒಡತಿ ಮೊದಲ ವಾರವೇ ಬಂದು, "ನಂಗೂ ಒಂದು ಸಿಲಿಂಡರ್ ಕನೆಕ್ಷನ್ ಕೊಡ್ಸಮ್ಮ, ಬುಕ್ ಮಾಡಿ ವರ್ಷಗಟ್ಟಲೆ ಆಯ್ತು" ಎಂದಿದ್ದಳು. ನಮ್ಮದು ಆ ಗ್ಯಾಸಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆ ವರ್ಷ ಪೂರ್ತಿ ನನ್ನ ಮೇಲೆ ಮುನಿಸಿಕೊಂಡೇ ಇದ್ದಳು.

ಪ್ರಯೋಗಾಲಯವೆಂದರೆ ತಗಡಿನ ಚಾವಣಿಯ ಒಂದು ಶೆಡ್ಡು. ಒಂದು ಪಕ್ಕ ರಟ್ಟಿನ ಪೆಟ್ಟಿಗೆ ಮಾಡುವವರು, ಇನ್ನೊಂದು ಪಕ್ಕ ನೀಲಗಿರಿ ತೋಪು. ನಾವು ಇದ್ದದ್ದು ಮೂರೇ ಜನ. ಯಜಮಾನರು ವರದನ್ ಸರ್, ಹಲಸೂರಿನವರು, ಲೆಕ್ಕ ಹಾಕುವಾಗ ತಮಿಳು, ಬೈಯುವಾಗ ಇಂಗ್ಲಿಷು, ಸಮಾಧಾನ ಮಾಡುವಾಗ ಕನ್ನಡ. ಹಿರಿಯ ವಿಜ್ಞಾನಿ ರಫಿಯಾ ಮೇಡಂ, ಫ್ರೇಜರ್ ಟೌನಿನಿಂದ ಬರುವವರು, ನಲವತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಮೂರನೆಯವಳು ನಾನು, ಮಹಾನಂದಾ.

ಮೊದಲ ದಿನ ಮೇಡಂ ನನ್ನನ್ನು ಕೂರಿಸಿಕೊಂಡು ಕೇಳಿದರು.

"ಗೋಲಿ ಸೋಡಾ ಬಿಚ್ಚಿದ್ರೆ ಏನಾಗುತ್ತೆ?"

"ಗ್ಯಾಸ್ ಬರ್ತದ್ರಿ ಮೇಡಂ."

"ಹ್ಞಾ. ಒತ್ತಡ ಬಿಟ್ರೆ ನೀರೊಳಗಿಂದ ಗ್ಯಾಸ್ ಬರುತ್ತೆ. ಎಲ್ರಿಗೂ ಗೊತ್ತಿರೋದು. ನಮ್ ಗಿರಾಕಿ ಉಲ್ಟಾ. ಒತ್ತಡ ಬಿಟ್ರೆ ಗ್ಯಾಸೊಳಗಿಂದ ಹನಿ ಬರುತ್ತೆ."

ನಾನು ಪರೀಕ್ಷೆಗೆ ಓದಿದ್ದೆ, ಆದರೆ ಹೀಗೆ ಯಾರೂ ಹೇಳಿರಲಿಲ್ಲ. ಕಡಲತೀರದ ಕೆಲವು ಬಾವಿಗಳಲ್ಲಿ, ನೆಲದ ಬಹಳ ಆಳದಲ್ಲಿ, ಬಿಸಿಗೂ ಒತ್ತಡಕ್ಕೂ ಸಿಕ್ಕ ಎಣ್ಣೆಯಂಥ ವಸ್ತುಗಳೆಲ್ಲ ಅನಿಲವಾಗಿಯೇ ಇರುತ್ತವೆ. ಬಾವಿ ಕೊರೆದು ಅನಿಲ ತೆಗೆಯುತ್ತ ಹೋದಂತೆ ಒಳಗಿನ ಒತ್ತಡ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಒಂದು ಕಡೆ ಇದ್ದಕ್ಕಿದ್ದಂತೆ ಮಂಜು ಕಟ್ಟುತ್ತದೆ. ಪೆಟ್ರೋಲಿನಂಥ ದ್ರವ ಕಲ್ಲಿನ ಸಂದುಗಳಲ್ಲೇ ಹನಿಯಾಗಿ ಅಂಟಿಕೊಂಡು, ಹಿಂದೆ ಬರುವ ಅನಿಲದ ದಾರಿಯನ್ನೂ ಕಟ್ಟುತ್ತದೆ. ಆದ್ದರಿಂದ ಬಾವಿಯವರಿಗೆ ಎರಡು ವಿಷಯ ಗೊತ್ತಾಗಬೇಕು. ಯಾವ ಒತ್ತಡದಲ್ಲಿ ಮೊದಲ ಮಂಜು ಬರುತ್ತದೆ? ಬಂದ ಹನಿಗೂ ಅದರ ಸುತ್ತಲ ಅನಿಲಕ್ಕೂ ನಡುವೆ ಇರುವ ತೆಳುವಾದ ಗಡಿ ಎಷ್ಟು ಬಿಗಿಯಾಗಿದೆ? ಆ ಬಿಗಿ ಸಡಿಲವಾಗಿದ್ದರೆ ಹನಿ ಅನಿಲದ ಜೊತೆ ಜಾರಿ ಬರುತ್ತದೆ, ಗಟ್ಟಿಯಾಗಿದ್ದರೆ ಕಲ್ಲಿಗೇ ಕಚ್ಚಿಕೊಂಡು ಕೂರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಅವರು ಉಕ್ಕಿನ ಬಾಟಲಿಗಳಲ್ಲಿ ಮಾದರಿ ಕಳಿಸುತ್ತಿದ್ದರು, ನಾವು ನೋಡಿ ಹೇಳುತ್ತಿದ್ದೆವು.

ನೋಡಿ ಎಂದರೆ ನಿಜವಾಗಿಯೂ ಕಣ್ಣಿಂದ ನೋಡಿ. ಶೆಡ್ಡಿನ ನಡುವೆ ದಪ್ಪ ಉಕ್ಕಿನ ಒಂದು ಪಾತ್ರೆ, ಅದರ ಸುತ್ತ ಕಾಯಿಸುವ ಕವಚ. ಪಾತ್ರೆಗೆ ಎದುರುಬದುರಾಗಿ ಎರಡು ಚಿಕ್ಕ ಗಾಜಿನ ಕಿಟಕಿ, ಒಂದೊಂದಕ್ಕೂ ಒಂದು ಪುಟ್ಟ ದುರ್ಬೀನು, ಒಂದು ಕುರ್ಚಿ. ಒಂದು ಕಡೆ ಮೇಡಂ, ಇನ್ನೊಂದು ಕಡೆ ನಾನು. ಒಳಗಿನ ಅನಿಲವನ್ನು ಬಾವಿಯಷ್ಟೇ ಬಿಸಿ ಮಾಡಿ, ಒತ್ತಡವನ್ನು ಬಹಳ ನಿಧಾನವಾಗಿ ಇಳಿಸುತ್ತ ಬರುವುದು. ಮಂಜು ಕಂಡ ಕೂಡಲೇ ಕೈಯಲ್ಲಿದ್ದ ಗುಂಡಿ ಒತ್ತುವುದು. ಗುಂಡಿ ಒತ್ತಿದರೆ ಪಕ್ಕದ ಕೋಣೆಯಲ್ಲಿ ವರದನ್ ಸರ್ ಮೇಜಿನ ಮೇಲೆ ದೀಪ ಹತ್ತುತ್ತಿತ್ತು, ಅವರು ಒತ್ತಡದ ಮಾಪಕ ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಮೇಡಂ ಕುರ್ಚಿಗೆ ಕೆಂಪು ದೀಪ, ನನ್ನ ಕುರ್ಚಿಗೆ ಹಸಿರು. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ತಿಳಿಯಬಾರದು, ಮಾತಂತೂ ಆಡಲೇಬಾರದು.

ಇನ್ನೊಂದು ಪದ್ಧತಿ ಇತ್ತು. ಯಾರೂ ಇನ್ನೊಬ್ಬರ ಕುರ್ಚಿಯಲ್ಲಿ ಕೂರುವಂತಿಲ್ಲ. ದುರ್ಬೀನನ್ನು ಅವರವರ ಕಣ್ಣಿಗೆ ಹೊಂದಿಸಿ ಬಿಗಿದಿದ್ದರಿಂದ ಅದನ್ನು ಮುಟ್ಟಿದರೆ ಮತ್ತೆ ಹೊಂದಿಸಲು ಅರ್ಧ ದಿನ ಹಾಳು. "ಗಂಡನ್ನ ಬೇಕಾದ್ರೆ ಹಂಚ್ಕೋಬಹುದು, ದುರ್ಬೀನು ಹಂಚ್ಕೋಬಾರ್ದು" ಎಂದು ಮೇಡಂ ತಮಾಷೆ ಮಾಡುತ್ತಿದ್ದರು, ಗಂಡನಿಲ್ಲದ ನಮ್ಮಿಬ್ಬರ ಮುಂದೆ.

ಬೇಸಿಗೆಯುದ್ದಕ್ಕೂ ನಮ್ಮಿಬ್ಬರ ದೀಪ ಹೆಚ್ಚುಕಡಿಮೆ ಒಟ್ಟಿಗೇ ಹತ್ತುತ್ತಿದ್ದವು. ವರದನ್ ಸರ್ ಹೊರಗೆ ಬಂದು, "ಸಿಸ್ಟರ್ಸ್ ಮಾ, ನೀವಿಬ್ರೂ ಸಿಸ್ಟರ್ಸ್" ಎನ್ನುತ್ತಿದ್ದರು. ಬಾವಿಯವರು ಮೇಡಂ ಹೆಸರು ಕೇಳಿದರೆ ಇನ್ನೊಂದು ಮಾತಾಡುತ್ತಿರಲಿಲ್ಲ, ಅಂಥ ಕಣ್ಣು ಅವರದು. ಆ ಕಣ್ಣಿಗೆ ನನ್ನದೂ ಸಮನಾಗಿದೆಯಲ್ಲ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಗುಲ್ಬರ್ಗಾದ ಹುಡುಗಿಗೆ ದಖನಿ ಉರ್ದು ಬರುತ್ತದೆ ಎಂದು ತಿಳಿದಾಗ ಅವರಿಗೆ ಇನ್ನಷ್ಟು ಖುಷಿ. ನಮ್ಮ ಓಣಿಯಲ್ಲಿ ಆಡಿ ಬೆಳೆದವರಿಗೆಲ್ಲ ಅದು ಬರುತ್ತದೆ. ಭಾನುವಾರಗಳಲ್ಲಿ ಅವರ ಮನೆಗೆ ಹೋಗತೊಡಗಿದೆ. ಅಲ್ಲಿ ಅವರ ತಾಯಿ, ನಾನು ಅಮ್ಮೀ ಎಂದೇ ಕರೆಯುತ್ತಿದ್ದೆ, ಹಜಾರದ ದಿವಾನದ ಮೇಲೆ ಕೂತು ಹೆಜ್ಜೆ ಸದ್ದಿನಲ್ಲೇ, "ಕೌನ್, ಗುಲ್ಬರ್ಗೇವಾಲೀ?" ಎನ್ನುತ್ತಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ, ನೋವಿಲ್ಲದೆ, ಹೇಳದೆ ಕೇಳದೆ ಸ್ವಲ್ಪಸ್ವಲ್ಪವಾಗಿ ದೃಷ್ಟಿ ಹೋಗುವ ಆ ಕಾಯಿಲೆ ಅವರಿಗೆ ಶುರುವಾದದ್ದು ಸರಿಸುಮಾರು ಆಗ ಮೇಡಂಗೆ ಇದ್ದ ವಯಸ್ಸಿನಲ್ಲಿ.

ಆಗಸ್ಟಿನಲ್ಲಿ ಮಳೆ ಜೋರಾಯಿತು. ತಗಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಸರಿಯಾಗಿ ಪಾತ್ರೆಯ ಮೇಲೆಯೇ ಚಾವಣಿ ಸೋರತೊಡಗಿತು. ಬಿಸಿ ಕವಚದ ಮೇಲೆ ತೊಟ್ಟು ಬಿದ್ದು ಚುರ್ ಎನ್ನುತ್ತಿದ್ದರೆ ವರದನ್ ಸರ್ ಛತ್ರಿ ಹಿಡಿದು ನಿಂತಿದ್ದರು. ಎಷ್ಟು ತೇಪೆ ಹಾಕಿದರೂ ನಿಲ್ಲದೆ, ಕೊನೆಗೆ ಪಾತ್ರೆ, ಕುರ್ಚಿ, ದುರ್ಬೀನು ಎಲ್ಲವನ್ನೂ ಶೆಡ್ಡಿನ ಪೂರ್ವದ ಗೋಡೆಯ ಹತ್ತಿರಕ್ಕೆ ಸರಿಸಿದೆವು. ಗೋಡೆಯ ಕಡೆ ಮೇಲಿನ ಗವಾಕ್ಷಿಯಿಂದ ಬೆಳಕು ಬೀಳುತ್ತಿತ್ತು. "ಆ ಕಡೆ ನೀನು ಕೂತ್ಕೋ ನಂದಾ, ಕಲಿಯೋಳಿಗೆ ಬೆಳಕು ಚೆನ್ನಾಗಿರ್ಲಿ" ಎಂದು ಮೇಡಂ ತಾವು ಒಳಗಿನ ಕಡೆ ಕುರ್ಚಿ ಹಾಕಿಸಿಕೊಂಡರು.

ಅಲ್ಲಿಂದ ನಮ್ಮ ದೀಪಗಳು ಬೇರೆಯಾದವು. ಮೊದಮೊದಲು ಕೂದಲೆಳೆಯಷ್ಟು. ಹಸಿರು ಮುಂಚೆ, ಕೆಂಪು ಆಮೇಲೆ. ಮಳೆಯ ಗದ್ದಲಕ್ಕೆ ಏಕಾಗ್ರತೆ ಕೆಟ್ಟಿರಬೇಕು ಎಂದುಕೊಂಡು ಮತ್ತೆ ನೋಡಿದೆವು. ಮತ್ತೆ ಹಸಿರೇ ಮುಂಚೆ. ದಸರೆ ಹೊತ್ತಿಗೆ ಅಂತರ ಇನ್ನೂ ಹೆಚ್ಚಿತು. ದೀಪಾವಳಿ ಕಳೆದು ಚಳಿ ಶುರುವಾದ ಮೇಲಂತೂ, ನಾನು ಗುಂಡಿ ಒತ್ತಿ ಎಷ್ಟೋ ಹೊತ್ತಾದ ಮೇಲೆ ಮೇಡಂ ಒತ್ತುತ್ತಿದ್ದರು. ನನ್ನ ಕಿಟಕಿಯಲ್ಲಿ ಮಂಜು ಢಾಳಾಗಿ ಕಾಣುತ್ತಿರುವಾಗ, ಆ ಕಡೆ ದುರ್ಬೀನಿಗೆ ಕಣ್ಣು ಒತ್ತಿಕೊಂಡು ಅವರು ಅಲ್ಲಾಡದೆ ಕೂತಿರುವುದು ನನಗೆ ತಿಳಿಯುತ್ತಿತ್ತು. ನನಗೆ ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಹೇಳುವಂತಿರಲಿಲ್ಲ.

ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೇಡಂ ಪಾತ್ರೆಗೆ ಹಾಕುವ ರಬ್ಬರ್ ಸೀಲುಗಳ ಪೊಟ್ಟಣದ ಮೇಲಿನ ಅಕ್ಷರ ಓದಲು ಕೈಯನ್ನು ಉದ್ದಕ್ಕೆ ಚಾಚುತ್ತಿದ್ದುದನ್ನು ನಾನೂ ನೋಡಿದ್ದೆ, ವರದನ್ ಸರ್ ಕೂಡ ನೋಡಿದ್ದರು. ಮೇಡಂ ನಾವು ನೋಡಿದ್ದನ್ನು ನೋಡಿದ್ದರು. ಒಂದು ದಿನ ಬಸ್ ಸ್ಟಾಪಿನಲ್ಲಿ ಧೈರ್ಯ ಮಾಡಿ, "ಒಮ್ಮೆ ಡಾಕ್ಟರಿಗೆ ತೋರಿಸ್ರಿ ಮೇಡಂ" ಎಂದೆ.

"ಗೊತ್ತಿರೋದನ್ನ ಕೇಳೋಕೆ ಯಾಕ್ ಹೋಗ್ಲಿ?" ಎಂದರು. "ಅಮ್ಮೀಗೂ ಹಿಂಗೇ ಆಯ್ತು. ಮೊದ್ಲು ಸ್ವಲ್ಪ, ಆಮೇಲೆ ತಿಂಗಳಿಂದ ತಿಂಗಳಿಗೆ ಜಾಸ್ತಿ."

ಊರಿಗೆಲ್ಲ ಒತ್ತಡ ಅಳೆದುಕೊಡುವ ಹೆಂಗಸು ತನ್ನ ಕಣ್ಣಿನ ಒತ್ತಡ ಅಳೆಸಿಕೊಳ್ಳಲು ಹೆದರುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು. ಅವರ ಬಗ್ಗೆ ಮರುಕವೂ ಆಯಿತು. ಇವೆರಡರ ಅಡಿಯಲ್ಲಿ, ನನ್ನ ಕಣ್ಣು ಗೆದ್ದಿತು ಎಂಬ ಸಣ್ಣ ಹಿಗ್ಗೂ ಇತ್ತು. ಇಪ್ಪತ್ಮೂರರ ವಯಸ್ಸು, ಇರದೆ ಎಲ್ಲಿಗೆ ಹೋದೀತು?

ಈ ನಡುವೆ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಮಂಜು ಬಂದ ಮೇಲೆ ನಮ್ಮ ಮುಂದಿನ ಕೆಲಸ ಹನಿಯದು. ತಳದಲ್ಲಿ ಕೂಡಿಕೊಂಡ ದ್ರವವನ್ನು ಮೇಲಕ್ಕೆ ತಂದು, ಪಾತ್ರೆಯೊಳಗೇ ಒಂದು ಸೂಜಿಯ ತುದಿಯಲ್ಲಿ ಒಂದು ಹನಿಯಾಗಿ ತೂಗುಬಿಟ್ಟು ಫೋಟೋ ತೆಗೆಯುತ್ತಿದ್ದೆವು. ಹನಿ ದುಂಡಗಿದ್ದರೆ ಎಳೆತ ಜಾಸ್ತಿ, ಜೋಲುಬಿದ್ದು ಸೋರೆಕಾಯಿಯ ಆಕಾರಕ್ಕೆ ಬಂದರೆ ಕಡಿಮೆ. ಆದರೆ ಈಚೆಗೆ, ನಾನು ಮಂಜು ಕಂಡೆ ಎಂದ ಒತ್ತಡದಲ್ಲಿ ಹನಿಯೇ ಕಟ್ಟುತ್ತಿರಲಿಲ್ಲ. ಸೂಜಿ ಬರಿದಾಗಿರುತ್ತಿತ್ತು. ಮೇಡಂ ಗುಂಡಿ ಒತ್ತಿದ ಒತ್ತಡಕ್ಕೆ ಇಳಿದ ಮೇಲೆಯೇ ಹನಿ.

"ನಿಂಗೆ ಹನಿ ಕಾಣ್ತಾ ಇದೆಯಾ ನಂದಾ?" ಎಂದು ಕೇಳುತ್ತಿದ್ದರು ಮೇಡಂ.

"ಇಲ್ರಿ ಮೇಡಂ."

"ನಿಜ ಹೇಳು. ನನಗೆ ಬೇಜಾರಾಗುತ್ತೆ ಅಂತ ಹೇಳ್ಬೇಡ."

"ಖರೇನೇ ಇಲ್ರಿ."

ಇದಕ್ಕೆ ನಾನು ಒಂದು ವಿವರಣೆ ಕಂಡುಹಿಡಿದೆ. ಈ ಬಾವಿಯ ದ್ರವಕ್ಕೆ ಶುರುವಿನಲ್ಲಿ ಎಳೆತ ಎಷ್ಟು ಕಡಿಮೆಯೆಂದರೆ ಹನಿ ಹನಿಯಾಗಿ ನಿಲ್ಲಲಾರದೆ ಅನಿಲದಲ್ಲೇ ಕರಗಿದಂತೆ ಹರಡಿಹೋಗುತ್ತದೆ ಎಂದೆ. ಅನಿಲವೂ ದ್ರವವೂ ಒಂದಕ್ಕೊಂದು ಬಹಳ ಹೋಲುವಾಗ ನಡುವಿನ ಗಡಿಯೇ ಅಳಿಸಿಹೋಗುವುದುಂಟು, ಪುಸ್ತಕದಲ್ಲಿದೆ. ವರದನ್ ಸರ್ ಕುಣಿದಾಡಿಬಿಟ್ಟರು. "ಸ್ಪೆಷಲ್ ಫ್ಲೂಯಿಡ್ ಮಾ ಇದು! ಇದನ್ನ ಪೇಪರ್ ಮಾಡ್ಬೇಕು" ಎಂದರು. ಅಂದಿನಿಂದ ವರದಿಗಳಲ್ಲಿ ಮೇಡಂ ಸಂಖ್ಯೆಯ ಬದಲು ನನ್ನ ಸಂಖ್ಯೆ ಹೋಗತೊಡಗಿತು. ಎಳೇ ಕಣ್ಣು, ಅದನ್ನೇ ನಂಬೋಣ ಎಂದರು ಸರ್. ಮೇಡಂ ತಲೆಯಾಡಿಸಿ ಒಪ್ಪಿದರು. ಕಣ್ಣೆದುರಿನ ಬರಿಯ ಸೂಜಿ ಮೂವರಿಗೂ ಕಾಣುತ್ತಿತ್ತು. ಅದು ಏನು ಹೇಳುತ್ತಿದೆ ಎಂದು ಕೇಳುವ ವ್ಯವಧಾನ ಒಬ್ಬರಿಗೂ ಇರಲಿಲ್ಲ. ಓದಿದವರಿಗಷ್ಟೇ ಸಾಧ್ಯವಾಗುವ ದಡ್ಡತನ ಅದು.

ಆ ವರ್ಷ ರಂಜಾನ್ ಡಿಸೆಂಬರಿನ ಚಳಿಯಲ್ಲಿ ಬಂದಿತ್ತು. ಗರುಡಾಚಾರ್‌ಪಾಳ್ಯದ ಸುತ್ತ ಆಗ ಬಯಲೇ ಹೆಚ್ಚು. ಬೆಳಿಗ್ಗೆ ಹೊತ್ತು ಕೆರೆಯ ಕಡೆಯಿಂದ ಮಂಜು ಎದ್ದು ನೀಲಗಿರಿ ತೋಪಿನೊಳಗೆ ನಿಂತುಬಿಡುತ್ತಿತ್ತು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಕೂರುತ್ತಿದ್ದೆ. ಉಪವಾಸವಿದ್ದ ಮೇಡಂ ಒಂದು ತೊಟ್ಟು ನೀರೂ ಇಲ್ಲದೆ ಆ ಬಿಸಿ ಪಾತ್ರೆಯ ಪಕ್ಕ ಕೂರುತ್ತಿದ್ದರು. ರಂಜಾನ್ ಶುರುವಾಗಿ ಕೆಲವು ದಿನಗಳಾಗಿದ್ದವು, ಒಂದು ಬೆಳಿಗ್ಗೆ ಬಂದವರೇ ನನ್ನ ಮುಂದೆ ನಿಂತು, "ಏಳು" ಎಂದರು.

"ಯಾಕ್ರಿ?"

"ಸರ್ ಹತ್ರ ಮಾತಾಡಿದೀನಿ. ಹಬ್ಬ ಆದ್ಮೇಲೆ ನಾನು ಬರಲ್ಲ. ಕಣ್ಣಿಲ್ದೆ ಈ ಕೆಲ್ಸದಲ್ಲಿ ಇದ್ದು ಯಾರಿಗೆ ಮೋಸ ಮಾಡ್ಲಿ? ಇನ್ಮೇಲೆ ಆ ಕುರ್ಚಿ ನಿಂದು. ಇವತ್ತೇ ಕೂತು ದುರ್ಬೀನು ಹೊಂದಿಸ್ಕೋ. ನಾನಿರೋವಾಗ್ಲೇ ಅಭ್ಯಾಸ ಆಗ್ಲಿ."

ಅವರ ಮುಖ ನೋಡಿದೆ, ಒಂದು ಗೆರೆಯೂ ಅಲುಗಿರಲಿಲ್ಲ. ಬಜಾರಿಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸರಾಗವಾಗಿ ಹೇಳಿದ್ದರು. ನಾನು ಅತ್ತುಬಿಡುತ್ತೇನೆ ಎಂದು ಹೆದರಿ ಸುಮ್ಮನೆ ಎದ್ದು ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಅವರು ನನ್ನ ಕುರ್ಚಿಯಲ್ಲಿ ಕೂತು, "ಅಬ್ಬಾ, ಏನ್ ಚಳಿ ಇಲ್ಲಿ" ಎಂದಷ್ಟೇ ಹೇಳಿ ನನ್ನ ದುರ್ಬೀನನ್ನು ತಮ್ಮ ಕಣ್ಣಿಗೆ ತಿರುಗಿಸಿಕೊಂಡರು.

ದುರ್ಬೀನು ಹೊಂದಿಸಿ, ಅನಿಲ ಕಾಯಿಸಿ, ಒತ್ತಡ ಇಳಿಸಲು ಶುರುಮಾಡುವಾಗ ಮಧ್ಯಾಹ್ನವಾಗಿತ್ತು. ನಾನು ನೋಡುತ್ತಲೇ ಇದ್ದೆ. ಕಿಟಕಿ ಸ್ವಚ್ಛವಾಗಿತ್ತು. ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ ಎಂದುಕೊಂಡೆ. ಬರಲಿಲ್ಲ. ಕಣ್ಣುಜ್ಜಿಕೊಂಡು ನೋಡಿದೆ. ಬರಲಿಲ್ಲ. ಹಿರಿಯರ ಕುರ್ಚಿಯಲ್ಲಿ ಕೂತದ್ದಕ್ಕೆ ನನ್ನ ಕಣ್ಣೇ ಕಟ್ಟಿತೋ ಏನೋ ಎಂಬ ಮೂಢ ಯೋಚನೆಯೂ ಬಂತು. ಬಹಳ ಹೊತ್ತಾದ ಮೇಲೆ, ಕನ್ನಡಿಗೆ ಮೆಲ್ಲಗೆ ಉಸಿರು ಊದಿದಂತೆ, ಮಂಜು ಮೂಡಿತು. ಗುಂಡಿ ಒತ್ತಿದೆ.

ವರದನ್ ಸರ್ ಹೊರಗೆ ಬಂದರು. ಕುರ್ಚಿ ಬದಲಾದದ್ದು ಅವರಿಗೆ ಗೊತ್ತಿರಲಿಲ್ಲ, ನಾವಿಬ್ಬರೂ ಆಗಲೇ ಎದ್ದು ನಿಂತಿದ್ದೆವು.

"ಹಸಿರು ಫಸ್ಟ್. ಇವತ್ತೂ ನಂದಾನೇ" ಎಂದರು. ಆಮೇಲೆ ದನಿ ತಗ್ಗಿಸಿ, "ರಫಿಯಾ, ನೀವು ಬೇಜಾರ್ ಮಾಡ್ಕೋಬೇಡಿ ಮಾ" ಎಂದರು.

ಮೇಡಂ ಅವರನ್ನೇ ನೋಡುತ್ತ ನಿಂತರು.

"ಸರ್, ಹಸಿರು ಒತ್ತಿದ್ದು ನಾನು."

ರಟ್ಟಿನ ಕಾರ್ಖಾನೆಯ ಯಂತ್ರ ಧಡಧಡ ಎನ್ನುತ್ತಿತ್ತು. ಮೇಡಂ ತಿರುಗಿ ನನ್ನ ಹಳೆಯ ಕುರ್ಚಿಯನ್ನು ನೋಡಿದರು, ಅದರ ಹಿಂದಿನ ಗೋಡೆಯನ್ನು ನೋಡಿದರು, ಆಮೇಲೆ ನಿಧಾನಕ್ಕೆ ತಲೆಯೆತ್ತಿದರು. ಅಲ್ಲಿ ಗವಾಕ್ಷಿ ಇತ್ತು. ಅನಿಲ ಸೋರಿದರೆ ಹೊರಹೋಗಲಿ ಎಂದು ಗವಾಕ್ಷಿಯನ್ನು ಎಂದೂ ಮುಚ್ಚಬಾರದೆಂಬುದು ನಮ್ಮ ನಿಯಮ. ಯಾರಾದರೂ ಮರೆತು ಮುಚ್ಚಿಯಾರೆಂದು ವರದನ್ ಸರ್ ಅದರ ಬಾಗಿಲಿಗೆ ಅಡ್ಡವಾಗಿ ಇಟ್ಟಿಗೆ ಇಡಿಸಿದ್ದರು. ಕೆರೆಯ ಮೇಲಿನ ಗಾಳಿ ಆಗಸ್ಟಿನಿಂದ ನೇರ ನನ್ನ ಕಿಟಕಿಯ ಗಾಜಿನ ಮೇಲೆ ಬೀಸುತ್ತಿತ್ತು. ಪಾತ್ರೆಯ ಬಿಸಿಯನ್ನು ಅಳೆಯುತ್ತಿದ್ದೆವು, ಗಾಜಿನ ಬಿಸಿಯನ್ನು ಅಳೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ತಣ್ಣಗಾದ ಆ ಗಾಜಿನ ಮೇಲೆ ಮಾತ್ರ ಮಂಜು ಮುಂಚೆಯೇ ಕಟ್ಟುತ್ತಿತ್ತು, ಪಾತ್ರೆಯೊಳಗಿನ ಅನಿಲ ಇನ್ನೂ ಅನಿಲವಾಗಿಯೇ ಇರುವಾಗ. ಚಳಿ ಏರಿದಂತೆ ಅಂತರ ಏರಿತ್ತು. ನಾವು ಅದನ್ನು ಕಾಯಿಲೆ ಏರುತ್ತಿದೆ ಎಂದು ಓದಿಕೊಂಡಿದ್ದೆವು. ಸೂಜಿಯ ತುದಿಯಲ್ಲಿ ಹನಿ ಇರಲಿಲ್ಲ, ಏಕೆಂದರೆ ಹನಿಯಾಗಲು ಅಲ್ಲಿ ಏನೂ ಇರಲಿಲ್ಲ.

"ನಿನ್ ಶಾಲು ಕೊಡು" ಎಂದರು ಮೇಡಂ.

ಪಾತ್ರೆಯ ಆ ಕಿಟಕಿಯ ಸುತ್ತ ಶಾಲನ್ನು ಸುತ್ತಿ, ಗಾಳಿ ತಾಗದಂತೆ ಮೇಲೊಂದು ರಟ್ಟನ್ನು ಅಡ್ಡ ಇಟ್ಟು, ಮರುದಿನ ಮತ್ತೆ ನೋಡಿದೆವು. ವರದನ್ ಸರ್ ಬಾಗಿಲಲ್ಲಿ ನಿಂತು, "ಎರಡೂ ಒಟ್ಟಿಗೆ ಮಾ, ಎರಡೂ ಒಟ್ಟಿಗೆ" ಎಂದು ಎರಡೆರಡು ಸಲ ಹೇಳಿದರು.

ನನ್ನ ಹೆಮ್ಮೆಯ ಗಾಳಿ ಪೂರ್ತಿ ಇಳಿದಿತ್ತು. ಐದು ತಿಂಗಳು ನಾನು ಕಂಡದ್ದು ತಣ್ಣನೆಯ ಗಾಜನ್ನು. ಆದರೂ ಅಷ್ಟು ಸಂತೋಷದಿಂದ ನಾನು ಎಂದೂ ಸೋತಿರಲಿಲ್ಲ. ಮೇಡಂ ಮಾತ್ರ ನಗಲೂ ಇಲ್ಲ, ನಿಟ್ಟುಸಿರೂ ಬಿಡಲಿಲ್ಲ. "ಬಾವಿಯವ್ರಿಗೆ ತಪ್ಪು ಸಂಖ್ಯೆ ಹೋಗಿದೆ. ಮೊದ್ಲು ಫೋನ್ ಮಾಡಿ" ಎಂದರು. ಮುಂದಿನ ವರದಿಯಲ್ಲಿ ಸದ್ದಿಲ್ಲದೆ ಸರಿಮಾಡೋಣ ಎಂದು ಸರ್ ಗೊಣಗಿದರು. ಮೇಡಂ ತಾವೇ ಫೋನೆತ್ತಿ, ಹಿಂದಿನ ಮಾದರಿಗಳನ್ನೆಲ್ಲ ಮತ್ತೆ ನೋಡಿಕೊಡುತ್ತೇವೆ, ತಪ್ಪು ನಮ್ಮದು ಎಂದು ಹೇಳಿ ಇಟ್ಟರು. ಆ ಸ್ಪೆಷಲ್ ಫ್ಲೂಯಿಡಿನ ಮಾತು ಶೆಡ್ಡಿನಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಮಾದರಿಗಳನ್ನು ಮತ್ತೆ ನೋಡಿ ಮುಗಿಸುವಷ್ಟರಲ್ಲಿ ರಂಜಾನ್ ಕೊನೆಯ ವಾರಕ್ಕೆ ಬಂದಿತ್ತು. ಅಷ್ಟೂ ದಿನ ಅವರು ಮೊದಲಿನಂತೆಯೇ ಮೌನವಾಗಿ ದುಡಿದರು. ಒಂದು ಸಂಜೆ ಬೇಗ ಹೊರಟು, "ನಂದಾ, ನನ್ ಜೊತೆ ಬಾ" ಎಂದರು. ಎಲ್ಲಿಗೆ ಎಂದು ಹೇಳಲಿಲ್ಲ. ಬಸ್ಸು ಶಿವಾಜಿನಗರ ಮುಟ್ಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಇಳಿದ ಮೇಲೆ ತಿಳಿಯಿತು, ಕಣ್ಣಿನ ಡಾಕ್ಟರ ಕ್ಲಿನಿಕ್ಕು. ಮಂಜು ಕಾಣುತ್ತದೆ ಎಂದ ಮಾತ್ರಕ್ಕೆ ತಾಯಿಯ ಕಾಯಿಲೆ ಇಲ್ಲ ಎಂದಾಗುವುದಿಲ್ಲ, ಅದು ಅವರಿಗೆ ಗೊತ್ತಿತ್ತು. ಒಳಗೆ ಹೋಗುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೆರಳು ಮಂಜುಗಡ್ಡೆಯಂತಿದ್ದವು.

ಡಾಕ್ಟರು ಒಂದು ಕಣ್ಣಾದ ಮೇಲೆ ಇನ್ನೊಂದರ ಒತ್ತಡ ಅಳೆದರು, ದೀಪ ಬಿಟ್ಟು ಒಳಗೆ ನೋಡಿದರು, ಗೋಡೆಯ ಅಕ್ಷರ ಓದಿಸಿದರು, ಕೊನೆಗೆ ಕೈಗೆ ಒಂದು ಪುಸ್ತಕ ಕೊಟ್ಟು ಓದಿಸಿದರು.

"ಒತ್ತಡ ನಾರ್ಮಲ್. ನರನೂ ಚೆನ್ನಾಗಿದೆ. ತಾಯಿಗಿದೆ ಅಂತೀರಿ, ವರ್ಷಕ್ಕೊಂದ್ಸಲ ತೋರಿಸ್ತಾ ಇರಿ" ಎಂದರು. "ಹತ್ತಿರದ್ದು ಓದೋಕೆ ಚಾಳೀಸು ಬಂದಿದೆ ಅಷ್ಟೇ. ಎಲ್ರಿಗೂ ಬರುತ್ತೆ."

"ಅಷ್ಟೇನಾ?" ಎಂದರು ಮೇಡಂ.

"ಅಷ್ಟೇ. ಇನ್ನೇನ್ ಬೇಕಿತ್ತು?" ಎಂದು ಡಾಕ್ಟರು ನಕ್ಕರು.

ಪಕ್ಕದ ಅಂಗಡಿಯಲ್ಲೇ ಚಾಳೀಸಿನ ಸಿದ್ಧ ಕನ್ನಡಕ ಕೊಂಡರು. ಕಂದು ಚೌಕಟ್ಟು, ಮೂಗಿನ ತುದಿಗೆ ಜಾರುವಂಥದ್ದು. ಮಾರುಕಟ್ಟೆಯ ಸುತ್ತ ಇಫ್ತಾರಿನ ನೂಕುನುಗ್ಗಲು, ಖರ್ಜೂರದ ರಾಶಿಗಳು, ಸಮೋಸಾ ಕರಿಯುವ ಬಾಣಲೆಗಳ ಹೊಗೆ. ಮೇಡಂ ಕನ್ನಡಕ ಹಾಕಿಕೊಂಡೇ ಖರ್ಜೂರ ಆರಿಸಿದರು, ಪುದೀನದ ಕಟ್ಟು ಬಿಚ್ಚಿ ಒಂದೊಂದು ಎಲೆಯನ್ನೂ ನೋಡಿದರು. ಮಾರುವವನು, "ಅಕ್ಕಾ, ಪುದೀನಾ ಅದು, ಪರೀಕ್ಷೆ ಪೇಪರ್ ಅಲ್ಲ" ಎಂದ. ಆಗಲೂ ಅವರು ನಗಲಿಲ್ಲ. ಏನಾಗಿದೆ ಇವರಿಗೆ ಎಂದು ನನಗೆ ಕಸಿವಿಸಿಯಾಯಿತು. ಭಾರ ಇಳಿದವರು ಹೀಗೆ ಇರುತ್ತಾರೆಯೇ?

ಮನೆ ತಲುಪುವಾಗ ಹೊತ್ತಾಗುತ್ತ ಬಂದಿತ್ತು. ಅಮ್ಮೀ ದಸ್ತರಖಾನಿನ ಬಟ್ಟೆ ಹಾಸಿ ಗಂಜಿಯ ಪಾತ್ರೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. "ಗುಲ್ಬರ್ಗೇವಾಲೀ, ನಿನ್ನ ಗಂಜಿ ಬೇರೆ ತೆಗೆದಿಟ್ಟೀನಿ, ಕೀಮಾ ಹಾಕಿಲ್ಲ" ಎಂದರು ದಖನಿಯಲ್ಲಿ. ಡಾಕ್ಟರ ವಿಷಯವನ್ನು ಮೇಡಂ ಅವರ ಕಿವಿಯ ಹತ್ತಿರ ಬಾಗಿ ಎರಡೇ ಮಾತಿನಲ್ಲಿ ಹೇಳಿದರು. ಅಮ್ಮೀ ಎರಡೂ ಕೈ ಎತ್ತಿ ದೇವರಿಗೆ ಏನೋ ಹೇಳಿಕೊಂಡರು. ಮಸೀದಿಯ ಕೂಗು ಕೇಳಿಸಿತು. ಖರ್ಜೂರ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮೇಡಂ ಹೊಗೆಯಾಡುವ ಗಂಜಿಯ ಬಟ್ಟಲಿನ ಮೇಲೆ ಬಾಗಿದರು. ಹೊಸ ಕನ್ನಡಕದ ಗಾಜು ಒಮ್ಮೆಲೇ ಬೆಳ್ಳಗಾಯಿತು.

"ಮೇಡಂ, ಮಂಜು ಬಂತ್ರಿ. ಹಸಿರು ಒತ್ತಲೇನು?" ಎಂದೆ.

ತಿಂಗಳುಗಳಾದ ಮೇಲೆ ಅವರು ನಕ್ಕರು. "ಅದು ಗಾಜಿಂದು ಕಣೇ, ನಂದಲ್ಲ" ಎನ್ನುತ್ತ ಕನ್ನಡಕ ತೆಗೆದರು. ತೆಗೆದ ಮೇಲೆ ನೋಡಿದರೆ ಕಣ್ಣು ತುಂಬಿದ್ದವು. ಒರೆಸಿಕೊಳ್ಳಲು ಕೈ ಎತ್ತಿದವರು ಹಾಗೇ ಬಿಟ್ಟರು. ಹನಿಗಳು ಕೆನ್ನೆಯ ಮೇಲೆ ಇಳಿಯತೊಡಗಿದವು, ಸದ್ದಿಲ್ಲದೆ, ಒಂದರ ಹಿಂದೆ ಒಂದು.

ಸದ್ದಿಲ್ಲದ ಆ ಅಳು ಅಮ್ಮೀಗೆ ಹೇಗೆ ತಿಳಿಯಿತೋ. ಕೈಚಾಚಿ ಮಗಳ ಕೆನ್ನೆ ಮುಟ್ಟಿ ಬೆರಳಿನಲ್ಲಿ ತಡವಿದರು. ಆಮೇಲೆ ನಾನು ಕೂತ ಕಡೆ ಮುಖ ತಿರುಗಿಸಿ ಹೇಳಿದರು:

"ಇವಳು ಸಣ್ಣೋಳಿದ್ದಾಗ್ಲಿಂದ ಹಿಂಗೇ ಬೇಟೀ. ಇವಳ ಅಪ್ಪ ಹೋದಾಗ ಅಳ್ಲಿಲ್ಲ. ನನ್ನ ಕಣ್ಣು ಹೋದಾಗ್ಲೂ ಅಳ್ಲಿಲ್ಲ. ಎಲ್ಲಾ ಮುಗಿದು, ನೆಂಟರೆಲ್ಲ ಮನೆಗ್ ಹೋದ್ಮೇಲೆ ಅಡುಗೆಮನೇಲಿ ಕೂತು ಅತ್ತಳು. ಎದೆ ಮೇಲಿನ ಭಾರ ಇಳಿದ್ರೇನೇ ಇವಳಿಗೆ ಕಣ್ಣೀರು."

ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. ನಾನು ಬಟ್ಟಲಿನತ್ತ ತಲೆ ತಗ್ಗಿಸಿ ಗಂಜಿ ಕುಡಿಯತೊಡಗಿದೆ. ಆ ವರ್ಷವಿಡೀ ಕಣ್ಣು ಮಿಟುಕಿಸದೆ ನೋಡುವುದೇ ನನ್ನ ಕೆಲಸವಾಗಿತ್ತು. ಅಲ್ಲಿ ಮಾತ್ರ, ನೋಡಬಾರದು ಅನ್ನಿಸಿತು.